ಮಂಚದ ಪಕ್ಕದ ಡ್ರಾಯರ್: ಡಾಕ್ಟರ ಚೀಟಿ ಇಲ್ಲದೆ ಸಿಗುವ ನಿದ್ದೆ ಮದ್ದುಗಳ ಬಗ್ಗೆ ಒಂದು ರಿವ್ಯೂ

ಮೊನ್ನೆ ಮಂಚದ ಪಕ್ಕದ ಡ್ರಾಯರ್ ಎಳೆದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಒಳಗೆ ಯಾವುದೋ ಡಬ್ಬಿ ಅಡ್ಡ ನಿಂತಿತ್ತು. ಕೈ ತೂರಿಸಿ ಒಂದೊಂದೇ ಹೊರಗೆ ತೆಗೆದು ಹಾಸಿಗೆ ಮೇಲೆ ಹರಡಿದೆ. ಅರ್ಧ ಮುಗಿದ ನಿದ್ದೆ ಮಾತ್ರೆಯ ಸ್ಟ್ರಿಪ್, ಮೂರು ಥರದ ಮೆಲಟೋನಿನ್, ವಲೇರಿಯನ್ ಅನ್ನುವ ಗಿಡದ ಬೇರಿನ ಕ್ಯಾಪ್ಸೂಲ್, ಮೆಗ್ನೀಸಿಯಂ, ಕ್ಯಾಮೊಮೈಲ್ ಚಹಾದ ಪೊಟ್ಟಣ, ಲ್ಯಾವೆಂಡರ್ ಎಣ್ಣೆ, ಎರಡು ಕಣ್ಣುಪಟ್ಟಿ, ಏಳು ಇಯರ್‌ಪ್ಲಗ್. ಏಳು ಅಂದರೆ ಏಳೇ, ಜೋಡಿ ತಪ್ಪಿದ್ದು. ಇಷ್ಟೆಲ್ಲ ತಲೆ ಪಕ್ಕದಲ್ಲಿ ಇಟ್ಟುಕೊಂಡವರಿಗೆ ನಿದ್ದೆ ಜೋರಾಗಿ ಬರುತ್ತಿರಬೇಕು ಅಂತ ಅನ್ನಿಸುತ್ತೆ, ಅಲ್ವಾ? ಬರುತ್ತಿರಲಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನನಗೆ ಹೇಳಿಕೊಳ್ಳುವಂಥ ಚಿಂತೆಯೂ ಇರಲಿಲ್ಲ, ಸುತ್ತ ಸಂತೆಯೂ ಇರಲಿಲ್ಲ, ನಿದ್ದೆ ಮಾತ್ರ ಇರಲಿಲ್ಲ. ಹನ್ನೊಂದಕ್ಕೆ ದೀಪ ಆರಿಸಿದರೆ ಒಂದು ಗಂಟೆಯವರೆಗೆ ಮಗ್ಗುಲು ಬದಲಿಸುವುದು, ಹೇಗೋ ಕಣ್ಣು ಹತ್ತಿದರೆ ಮೂರಕ್ಕೆ ಮತ್ತೆ ಎಚ್ಚರ. ಸುಮಾರು ಎಂಟು ತಿಂಗಳು ಹೀಗೇ ನಡೆಯಿತು. ಡಾಕ್ಟರ ಹತ್ತಿರ ಹೋಗಲು ಸಂಕೋಚ, ಅಷ್ಟಕ್ಕೆಲ್ಲ ಯಾಕೆ ಅಂತ. ಹಾಗಾಗಿ ಅಂಗಡಿಯಲ್ಲಿ ಕೇಳಿದರೆ ಕೊಡುವ ಒಂದೊಂದನ್ನೇ ತಂದು ನೋಡಿದೆ. ಈ ರಿವ್ಯೂನಲ್ಲಿ ನನ್ನ ಅಳತೆಗೋಲು ಒಂದೇ: ಎಷ್ಟು ಬೇಗ ಕಣ್ಣು ಮುಚ್ಚಿತು ಅನ್ನುವುದಕ್ಕಿಂತ, ಮರುದಿನ ಬೆಳಗ್ಗೆ ಹತ್ತು ಗಂಟೆಗೆ ನಾನು ಯಾವ ಸ್ಥಿತಿಯಲ್ಲಿದ್ದೆ ಅನ್ನುವುದು. ಈ ಅಳತೆಗೋಲು ಮೊದಲೇ ಇಟ್ಟುಕೊಂಡಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಮೊದಲು ಆ ನಿದ್ದೆ ಮಾತ್ರೆ. ಡಬ್ಬಿ ಮೇಲೆ ಚಂದ್ರ, ನಕ್ಷತ್ರ, ತಿಳಿ ನೀಲಿ ಬಣ್ಣ. ಹೆಸರುಗಳು ಹತ್ತಾರು. ಆದರೆ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ, ಚೀಟಿ ಇಲ್ಲದೆ ಸಿಗುವ ಇಂಥ ಮಾತ್ರೆಗಳಲ್ಲಿ ಬಹುಪಾಲು ಇರುವುದು ಎರಡರಲ್ಲಿ ಒಂದು: ಡೈಫೆನ್‌ಹೈಡ್ರಮೈನ್ ಅಥವಾ ಡಾಕ್ಸಿಲಮೈನ್. ಎರಡೂ ಹಳೇ ಕಾಲದ ಆಂಟಿಹಿಸ್ಟಮೈನ್‌ಗಳು, ಅಂದರೆ ಅಲರ್ಜಿ ಔಷಧಿಗಳು. ಡೈಫೆನ್‌ಹೈಡ್ರಮೈನ್ ಹುಟ್ಟಿದ್ದು 1940ರ ದಶಕದಲ್ಲಿ, ಸೀನು ಮತ್ತು ತುರಿಕೆ ನಿಲ್ಲಿಸಲು. ಮಿದುಳನ್ನು ಎಚ್ಚರವಾಗಿಡುವ ಕೆಲಸದಲ್ಲಿ ನಮ್ಮ ಮೈಯಲ್ಲೇ ಹುಟ್ಟುವ ರಾಸಾಯನಿಕ ಹಿಸ್ಟಮೈನ್‌ಗೂ ಪಾಲಿದೆ. ಈ ಔಷಧಿ ರಕ್ತದಿಂದ ಮಿದುಳಿಗೂ ನುಗ್ಗಿ ಅದನ್ನು ತಡೆಯುತ್ತದೆ, ಅದಕ್ಕೇ ತೂಕಡಿಕೆ. ಒಂದು ಔಷಧಿಯ ಅಡ್ಡಪರಿಣಾಮವನ್ನೇ ಬೇರೆ ಡಬ್ಬಿಗೆ ತುಂಬಿ ಮುಖ್ಯ ಗುಣ ಅಂತ ಮಾರುತ್ತಿದ್ದಾರೆ ಅಷ್ಟೆ.

ಮೊದಲ ರಾತ್ರಿ ನಿಜಕ್ಕೂ ಪವಾಡ. ನಾನು ತಂದದ್ದು ಡೈಫೆನ್‌ಹೈಡ್ರಮೈನ್. 25 ಮಿಲಿಗ್ರಾಂ ನುಂಗಿ ಮುಕ್ಕಾಲು ಗಂಟೆಗೆ ಕೊರಡಿನಂತೆ ಬಿದ್ದುಕೊಂಡೆ. ಬೆಳಗ್ಗೆ ಎದ್ದಾಗ ನಾಲಗೆ ಒಣಗಿದ ಬಟ್ಟೆಯಂತೆ ಅಂಗುಳಕ್ಕೆ ಅಂಟಿತ್ತು. ಹತ್ತು ಗಂಟೆಗೆ ಒಂದು ಮೀಟಿಂಗಿನಲ್ಲಿ ನನ್ನ ಹೆಸರು ಎರಡು ಸಲ ಕರೆದರಂತೆ, ನನಗೆ ಕೇಳಿಸಿದ್ದು ಮೂರನೇ ಸಲಕ್ಕೆ. ಲೆಕ್ಕ ಸುಲಭವಾಗಿದೆ. ಈ ಔಷಧಿಯ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 9 ಗಂಟೆ, ಡಾಕ್ಸಿಲಮೈನ್‌ದು 10ರ ಆಸುಪಾಸು. ರಾತ್ರಿ ಹನ್ನೊಂದಕ್ಕೆ ತೆಗೆದುಕೊಂಡರೆ ಬೆಳಗ್ಗೆ ಎಂಟಕ್ಕೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಆ ಹೊತ್ತಿಗೆ ನಾವು ಗಾಡಿ ಓಡಿಸುತ್ತಿರುತ್ತೇವೆ.

ನಾಲ್ಕನೇ ರಾತ್ರಿ ಹೊತ್ತಿಗೆ ಪವಾಡ ಮುಗಿಯಿತು. ಈ ಮಾತ್ರೆಗೆ ದೇಹ ಬಹಳ ಬೇಗ ಒಗ್ಗಿಹೋಗುತ್ತದೆ, ಕೆಲವೇ ದಿನ ಸಾಕು. ಮಂಪರು ಕಡಿಮೆಯಾಯಿತು, ಬಾಯಿ ಒಣಗುವುದು ಮಾತ್ರ ಹಾಗೇ ಉಳಿಯಿತು. ನಾನೇನು ಮಾಡಿದೆ? ಒಂದರ ಬದಲು ಎರಡು ನುಂಗಿದೆ. ದಡ್ಡತನ. ಅದೇ ವಾರ ನೆಗಡಿ ಬಂತು, ರಾತ್ರಿ ತೆಗೆದುಕೊಳ್ಳುವ ನೆಗಡಿ ಸಿರಪ್ ತಂದು ಮುಚ್ಚಳದಲ್ಲಿ ಅಳೆದು ಇನ್ನೇನು ಬಾಯಿಗೆ ಸುರಿದುಕೊಳ್ಳಬೇಕು, ಯಾಕೋ ಲೇಬಲ್ ಕಡೆ ಕಣ್ಣು ಹೋಯಿತು. ಅದರಲ್ಲೂ ಅದೇ ಡೈಫೆನ್‌ಹೈಡ್ರಮೈನ್! ಹೀಗೆ ಗೊತ್ತಿಲ್ಲದೆ ಎರಡು ಕಡೆಯಿಂದ ತೆಗೆದುಕೊಳ್ಳುವವರು ನಾನೊಬ್ಬಳೇ ಇರಲಿಕ್ಕಿಲ್ಲ. ನೋವಿಗೂ ನಿದ್ದೆಗೂ ಒಂದೇ ಮಾತ್ರೆ ಅಂತ ಬರುವ ಕೆಲವದರಲ್ಲಿ ಇದರ ಜೊತೆ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೂ ಪ್ಯಾರಾಸಿಟಮಾಲ್ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು, ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ನೋವೇ ಇಲ್ಲದವರು ನಿದ್ದೆಗೆ ಅಂತ ಅದನ್ನು ಯಾಕೆ ನುಂಗಬೇಕು ಹೇಳಿ.

ವಯಸ್ಸಾದವರ ಮನೆಯಲ್ಲಿ ಈ ಡಬ್ಬಿ ಕಂಡರೆ ದಯವಿಟ್ಟು ಸುಮ್ನೆ ಬಿಡಬೇಡಿ. 65 ದಾಟಿದವರಿಗೆ ಇದನ್ನು ಕೊಡದಿರುವುದೇ ಒಳ್ಳೆಯದು ಅಂತ ಅಮೆರಿಕದ ವೃದ್ಧರೋಗ ತಜ್ಞರ ಸಂಘದ ಬಿಯರ್ಸ್ ಪಟ್ಟಿ (ವಯಸ್ಸಾದವರಿಗೆ ಹೊಂದದ ಔಷಧಿಗಳ ಪಟ್ಟಿ) ಸ್ಪಷ್ಟವಾಗಿ ಹೇಳುತ್ತದೆ. ಅವರ ದೇಹದಿಂದ ಇದು ಇನ್ನೂ ನಿಧಾನವಾಗಿ ಹೊರಗೆ ಹೋಗುತ್ತದೆ. ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು, ರಾತ್ರಿ ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬೀಳುವುದು, ಎಲ್ಲ ಇದರ ಜೊತೆಗೇ ಬರುತ್ತವೆ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆ ಇರುವವರು ಕೇಳದೆ ಮುಟ್ಟಬಾರದು. ಮದ್ಯದ ಜೊತೆ ಅಂತೂ ಬೇಡವೇ ಬೇಡ. ಅಪರೂಪಕ್ಕೆ ಒಂದು ರಾತ್ರಿ, ಮರುದಿನ ರಜೆ ಇದ್ದರೆ, ಆಯಿತು. ಐದರಲ್ಲಿ ಒಂದೂವರೆ ನಕ್ಷತ್ರ, ಆ ಅರ್ಧ ಮೊದಲ ರಾತ್ರಿಯ ನೆನಪಿಗೆ.

ಮೆಲಟೋನಿನ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಇದನ್ನು ನಾನು ತಿಂಗಳುಗಟ್ಟಲೆ ತಪ್ಪಾಗಿ ತೆಗೆದುಕೊಂಡೆ. ಈ ಹಾರ್ಮೋನನ್ನು 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಆರನ್ ಲರ್ನರ್ ಮತ್ತು ಅವರ ತಂಡ ದನಗಳ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿದರು, ಅವರು ಹುಡುಕುತ್ತಿದ್ದುದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ್ದು, ನಿದ್ದೆಗಲ್ಲ! ನಮ್ಮ ತಲೆಯೊಳಗೂ ಕತ್ತಲಾದ ಮೇಲೆ ಇದು ಊರುತ್ತದೆ. ಇದು ನಮ್ಮನ್ನು ಎತ್ತಿಕೊಂಡು ಹೋಗಿ ಮಲಗಿಸುವುದಿಲ್ಲ, ರಾತ್ರಿಯಾಯಿತು ಅಂತ ಡಂಗುರ ಸಾರುತ್ತದೆ ಅಷ್ಟೆ. ಡಂಗುರ ಜೋರಾಗಿ ಸಾರಿದರೆ ರಾತ್ರಿ ಜಾಸ್ತಿ ಆಗುತ್ತದಾ? ನಾನು ಹಾಗೇ ಅಂದುಕೊಂಡು 10 ಮಿಲಿಗ್ರಾಂನದು ತಂದಿದ್ದೆ. ಸಿಕ್ಕಿದ್ದು ವಿಚಿತ್ರ ಕನಸು, ಬೆಳಗ್ಗೆ ತಲೆಭಾರ. ಒಂದು ಕನಸಿನಲ್ಲಿ ರಾತ್ರಿಯಿಡೀ ಬೇರೆಯವರ ಮನೆ ಗುಡಿಸಿದೆ.

ಆಮೇಲೆ ಅರ್ಧ ಮಿಲಿಗ್ರಾಂಗೆ ಇಳಿದೆ. ದೇಹ ತಾನೇ ಮಾಡಿಕೊಳ್ಳುವ ಮಟ್ಟ ಮುಟ್ಟಲು ಅಷ್ಟೇ ಧಾರಾಳ. ಇನ್ನೊಂದು ತಪ್ಪು ಹೊತ್ತಿನದು. ನಿದ್ದೆ ಹೊತ್ತೇ ತಡವಾಗುತ್ತಾ ಹೋಗಿ ರಾತ್ರಿ ಎರಡಕ್ಕೆ ಬಂದು ನಿಂತಿರುವವರು ಹಾಸಿಗೆಗೆ ಬಿದ್ದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ಕೆಲವು ಗಂಟೆ ಮೊದಲೇ ತೆಗೆದುಕೊಂಡರೆ ಒಳಗಿನ ಗಡಿಯಾರ ಸರಿದು ನಿದ್ದೆ ಬೇಗ ಬರುತ್ತದೆ. ಮಾಮೂಲಿ ನಿದ್ದೆಗೇಡಿಗೆ ಇದು ಕೊಡುವ ಲಾಭ ಎಷ್ಟು ಗೊತ್ತಾ? 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ನಿದ್ದೆ ಹತ್ತುವುದು ಸರಾಸರಿ 7 ನಿಮಿಷ ಬೇಗ ಆಗಿತ್ತು. ಏಳೇ ನಿಮಿಷ. ಡಬ್ಬಿ ಮೇಲೆ ಇದನ್ನು ಬರೆದರೆ ಯಾರು ಕೊಳ್ಳುತ್ತಾರೆ?

ಡಬ್ಬಿ ಮೇಲೆ ಬರೆದದ್ದಾದರೂ ನಿಜವಾ ಅಂದರೆ ಅದೂ ಅನುಮಾನವೇ. ಬ್ರಿಟನ್‌ನಲ್ಲಿ ಮೆಲಟೋನಿನ್‌ಗೆ ಡಾಕ್ಟರ ಚೀಟಿ ಬೇಕು, ಅಮೆರಿಕದಲ್ಲಿ ವಿಟಮಿನ್ ಥರ ಸಪ್ಲಿಮೆಂಟ್ ಅಂತ ಎಲ್ಲೆಂದರಲ್ಲಿ ಸಿಗುತ್ತದೆ. ಸಪ್ಲಿಮೆಂಟ್ ಅಂದರೆ ಔಷಧಿಗೆ ಇರುವಷ್ಟು ಕಟ್ಟುನಿಟ್ಟಿನ ತಪಾಸಣೆ ಇಲ್ಲ. ಕೆನಡಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 31 ಮೆಲಟೋನಿನ್ ಉತ್ಪನ್ನಗಳನ್ನು ಅಳೆದಾಗ ಒಂದರಲ್ಲಿ ಬರೆದದ್ದಕ್ಕಿಂತ ಶೇ. 83ರಷ್ಟು ಕಡಿಮೆ ಇತ್ತು, ಇನ್ನೊಂದರಲ್ಲಿ ಶೇ. 478ರಷ್ಟು ಜಾಸ್ತಿ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿಗಳನ್ನು, ಅಂದರೆ ಅಗಿಯುವ ಮಿಠಾಯಿ ರೂಪದ್ದನ್ನು, ನೋಡಿದರೆ 22ರ ಲೇಬಲ್ ಸರಿಯಿರಲಿಲ್ಲ, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಗಮ್ಮಿ ಅಂದರೆ ನನಗೆ ಮೊದಲೇ ಕೋಪ. ಔಷಧಿಯನ್ನು ಮಿಠಾಯಿ ಥರ ಮಾಡಿ, ಹಣ್ಣಿನ ರುಚಿ ಹಾಕಿ, ಮಕ್ಕಳ ಕೈಗೆ ಎಟುಕುವ ಡ್ರಾಯರಿನಲ್ಲಿ ಇಡುವುದು ಯಾವ ಜಾಣತನ? ತಂದಿದ್ದ ಮೂರರಲ್ಲಿ ಅದನ್ನೇ ಮೊದಲು ಹೊರಗೆ ಹಾಕಿದೆ.

ಹಾಗಂತ ಮೆಲಟೋನಿನ್ ಪೂರ್ತಿ ದಂಡ ಅಂತ ಹೇಳಲಾರೆ. ಐದು ಅಥವಾ ಅದಕ್ಕಿಂತ ಜಾಸ್ತಿ ಕಾಲವಲಯ ದಾಟಿ ವಿಮಾನದಲ್ಲಿ ಹೋಗುವವರಿಗೆ, ಅದರಲ್ಲೂ ಪೂರ್ವಕ್ಕೆ ಹೋಗುವವರಿಗೆ, ಇಳಿದ ಊರಿನ ಮಲಗುವ ಹೊತ್ತಿಗೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಪ್ರಯಾಣದಲ್ಲಿ ನನಗೂ ಆಯಿತು. ಆ ಕೆಲಸಕ್ಕೆ ನಾಲ್ಕು ನಕ್ಷತ್ರ, ದಿನಾ ರಾತ್ರಿಯ ಕೆಲಸಕ್ಕೆ ಎರಡು.

ಇನ್ನು ಉಳಿದ ಡಬ್ಬಿಗಳು. ವಲೇರಿಯನ್ ಕ್ಯಾಪ್ಸೂಲಿನ ಮುಚ್ಚಳ ತೆಗೆದರೆ ಎರಡು ದಿನ ಬೂಟಿನೊಳಗೆ ಇದ್ದ ಕಾಲುಚೀಲದ ವಾಸನೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಕಾಲಿನ ದುರ್ವಾಸನೆಗೆ ಕಾರಣವಾಗುವ ಐಸೊವಲೇರಿಕ್ ಆಮ್ಲವೇ ಇದರಲ್ಲೂ ಇದೆ. ಒಂದು ತಿಂಗಳು ತೆಗೆದುಕೊಂಡೆ, ಡ್ರಾಯರ್ ನಾರಿತು, ನಿದ್ದೆಯಲ್ಲಿ ಬದಲಾವಣೆ ಕಾಣಲಿಲ್ಲ. ಮೆಗ್ನೀಸಿಯಂ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನಿದ್ದೆಗೆ ಆಧಾರ ಮಾತ್ರ ತೆಳು. ನಾನು ತಂದದ್ದು ಆಕ್ಸೈಡ್ ರೂಪದ್ದು. ಅದು ಹೊಟ್ಟೆ ಸಡಿಲ ಮಾಡುವ ಔಷಧಿಯಾಗಿಯೂ ಬಳಕೆಯಲ್ಲಿದೆ ಅಂತ ನನಗೆ ತಿಳಿದದ್ದು ಮರುದಿನ ಬೆಳಗ್ಗೆ, ತಿಳಿಯಬೇಕಾದ ಜಾಗದಲ್ಲೇ. ಕಿಡ್ನಿ ತೊಂದರೆ ಇರುವವರು ಇದನ್ನು ಕೇಳದೆ ತೆಗೆದುಕೊಳ್ಳಬಾರದು, ಹೆಚ್ಚಿಗೆ ಆದದ್ದನ್ನು ಹೊರಹಾಕುವುದು ಕಿಡ್ನಿಯೇ. ಕ್ಯಾಮೊಮೈಲ್ ಚಹಾ ಬಿಸಿಬಿಸಿಯಾಗಿ ಹಿತವಾಗಿರುತ್ತದೆ, ಆದರೆ ಮಲಗುವ ಮುಂಚೆ ದೊಡ್ಡ ಲೋಟ ಕುಡಿದರೆ ಮೂರು ಗಂಟೆಗೆ ಅದೇ ಎಬ್ಬಿಸುತ್ತದೆ. ಲ್ಯಾವೆಂಡರ್ ಪರಿಮಳ ಇಷ್ಟವಾಯಿತು, ದಿಂಬಿನ ಮೇಲೆ ಬಿದ್ದ ಎಣ್ಣೆ ಕಲೆ ಇವತ್ತಿಗೂ ಹೋಗಿಲ್ಲ.

ದುಡ್ಡು ಕೊಟ್ಟು ತಂದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಎಲ್ಲಕ್ಕಿಂತ ಅಗ್ಗದ್ದು, ಸ್ಪಂಜಿನ ಇಯರ್‌ಪ್ಲಗ್. ಅದೂ ಶುರುವಿನಲ್ಲಿ ಕೈಕೊಟ್ಟಿತ್ತು. ಕಿವಿಗೆ ಬಿರಡೆ ಹಾಕಿದ ಹಾಗೆ ಒತ್ತುತ್ತಿದ್ದೆ, ನಡುರಾತ್ರಿ ಉದುರಿ ಮಂಚದ ಕೆಳಗೆ ಹೋಗುತ್ತಿತ್ತು (ಏಳು ಉಳಿದದ್ದು ಹೀಗೇ). ಸರಿಯಾದ ಕ್ರಮ ಬೇರೆ ಇದೆ. ಒಣಗಿದ ಕೈಯಲ್ಲಿ ಪ್ಲಗ್ ಹಿಡಿದು ಎರಡು ಬೆರಳ ನಡುವೆ ಹೊಸೆದು ಹೊಸೆದು ತೆಳ್ಳಗೆ, ಸುಕ್ಕಿಲ್ಲದ ಹಾಗೆ ಮಾಡಬೇಕು. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು, ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಪ್ಲಗ್ ತೂರಿಸಿ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸ್ಪಂಜು ನಿಧಾನಕ್ಕೆ ಉಬ್ಬುವ ಸಣ್ಣ ಚರಚರ ಸದ್ದು ಕೇಳುತ್ತದೆ, ಆಮೇಲೆ ಫ್ಯಾನಿನ ಸದ್ದು ದೂರ ಸರಿದ ಹಾಗಾಗಿ ಸ್ವಂತ ಉಸಿರು ಮಾತ್ರ ಉಳಿಯುತ್ತದೆ. ಮೊದಲ ಸಲ ಸರಿಯಾಗಿ ಹಾಕಿಕೊಂಡ ರಾತ್ರಿ ನನಗೆ ನಗು ಬಂತು. ಐದಕ್ಕೆ ಐದು. ಕೊಳೆಯಾದಾಗ ಬದಲಾಯಿಸಿ, ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಹಾಕಿಕೊಳ್ಳಬೇಡಿ. ಕಣ್ಣುಪಟ್ಟಿಗಳಲ್ಲಿ ಚಪ್ಪಟೆಯದು ರೆಪ್ಪೆಗೆ ಉಜ್ಜುತ್ತದೆ, ಕಣ್ಣಿನ ಮುಂದೆ ಗುಳಿ ಇರುವುದು ಮೇಲು.

ಇಷ್ಟಾದರೂ ಮೂರು ಗಂಟೆಯ ಎಚ್ಚರ ಹೋಗಿರಲಿಲ್ಲ. ಕೊನೆಗೆ ಡಾಕ್ಟರ ಬಳಿ ಹೋದೆ. ಮಾತ್ರೆ ಬರೆಯುತ್ತಾರೆ ಅಂತ ಹೋದವಳಿಗೆ ಅವರು ಕೇಳಿದ್ದು, "ಎಚ್ಚರವಾದಾಗ ಏನು ಮಾಡ್ತೀರಿ?" ಅಂತ. ಮಲಗಿಕೊಂಡೇ ಇರುತ್ತೇನೆ, ಇನ್ನೇನು ಮಾಡಲಿ? "ಎದ್ದು ಹೋಗಿ," ಅಂದರು. ಇದಕ್ಕೆ ಫೀಸು ಕೊಟ್ಟೆನಲ್ಲ ಅಂತ ಹೊಟ್ಟೆ ಉರಿಯಿತು.

ಆಮೇಲೆ ಓದಿಕೊಂಡಾಗ ತಿಳಿಯಿತು, ಈ ವಿಧಾನವನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ಮಂಡಿಸಿದ್ದರು. ಹಾಸಿಗೆಯಲ್ಲಿ ಎಚ್ಚರವಾಗಿ ಒದ್ದಾಡುತ್ತಾ ಹೋದರೆ ಮಿದುಳು ಹಾಸಿಗೆ ಅಂದರೆ ಒದ್ದಾಡುವ ಜಾಗ ಅಂತ ಕಲಿತುಬಿಡುತ್ತದೆ. ಹಾಗಾಗಿ ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂರಬೇಕು, ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಬೇಕು, ತೂಕಡಿಕೆ ಬಂದಾಗಲೇ ವಾಪಸ್. ಗಡಿಯಾರ ನೋಡಬಾರದು, ಅಂದಾಜು ಸಾಕು. ಎಷ್ಟು ಹೊತ್ತಿಗೆ ಮಲಗಿದ್ದರೂ ಏಳುವ ಹೊತ್ತು ಮಾತ್ರ ದಿನಾ ಒಂದೇ, ಭಾನುವಾರವೂ. ಹಗಲು ನಿದ್ದೆ ಇಲ್ಲ.

ನಾನು ಆರಿಸಿಕೊಂಡ ಸಪ್ಪೆ ಕೆಲಸ ವಾಷಿಂಗ್ ಮೆಷಿನ್ನಿನ ಕೈಪಿಡಿ ಓದುವುದು. ಮೂಲೆಯ ಕುರ್ಚಿ, ಹೆಗಲ ಮೇಲೆ ಒಂದು ಹೊದಿಕೆ, ಪುಟ 14, ನೀರು ಹೊರಹೋಗದಿದ್ದರೆ ಏನು ಮಾಡಬೇಕು. ಮೊದಲ ರಾತ್ರಿ ಮೂರು ಸಲ ಎದ್ದೆ. ಎರಡನೇ ರಾತ್ರಿ ನಾಲ್ಕು. ಬೆಳಗ್ಗೆ ಆರೂವರೆಗೆ ಅಲಾರಂ ಹೊಡೆದಾಗ ಆ ಡಾಕ್ಟರನ್ನು ಮನಸಾರೆ ಬೈದುಕೊಂಡೆ. ಮೊದಲ ವಾರ ಹತ್ತು ಗಂಟೆಯ ನನ್ನ ಸ್ಥಿತಿ ಮಾತ್ರೆ ದಿನಗಳಿಗಿಂತ ಕೆಟ್ಟದಾಗಿತ್ತು, ಸುಳ್ಳು ಹೇಳುವುದಿಲ್ಲ. ಎರಡನೇ ವಾರದ ಕೊನೆಗೆ ಒಂದು ರಾತ್ರಿ ಪುಟ 15ಕ್ಕೆ ಹೋಗಲಾಗಲಿಲ್ಲ, ಕಣ್ಣು ತಾನೇ ಎಳೆಯಿತು. ನಾಲ್ಕನೇ ವಾರದಲ್ಲಿ ಕೈಪಿಡಿ ಮುಟ್ಟದ ರಾತ್ರಿಗಳೇ ಜಾಸ್ತಿಯಾದವು. ಬಟ್ಟೆ ಒಗೆಯುವ ಮೆಷಿನ್ನಿನ ಫಿಲ್ಟರ್ ತೆಗೆಯುವುದು ಈಗ ನನಗೆ ಬಾಯಿಪಾಠ.

ಇದೆಲ್ಲ ಸೇರಿದ ಚಿಕಿತ್ಸೆಗೆ ನಿದ್ರಾಹೀನತೆಯ ಅರಿವು-ನಡವಳಿಕೆ ಚಿಕಿತ್ಸೆ ಅಂತ ಭಾರದ ಹೆಸರು ಇದೆ. ಹಳೇ ನಿದ್ರಾಹೀನತೆ ಇರುವ ದೊಡ್ಡವರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘಟನೆ 2016ರಲ್ಲಿ ಶಿಫಾರಸು ಮಾಡಿತು. ಮರುವರ್ಷ ಅಲ್ಲಿನ ನಿದ್ರಾ ವೈದ್ಯರ ಅಕಾಡೆಮಿ ಡೈಫೆನ್‌ಹೈಡ್ರಮೈನ್, ಮೆಲಟೋನಿನ್, ವಲೇರಿಯನ್ ಮೂರನ್ನೂ ಇಂಥ ನಿದ್ದೆಗೇಡಿಗೆ ಬಳಸದಿರಿ ಅಂತ ಸಲಹೆ ಕೊಟ್ಟಿತು. ನನ್ನ ಡ್ರಾಯರಿನ ಮುಕ್ಕಾಲು ಪಾಲು ಅಲ್ಲೇ ಬಂತು. ಹಾಸಿಗೆಯಲ್ಲಿ ಕಳೆಯುವ ಗಂಟೆಗಳನ್ನೇ ಕಡಿತ ಮಾಡುವ ಇನ್ನೊಂದು ಭಾಗವೂ ಇದೆ. ಅದನ್ನು ಒಬ್ಬರೇ ಮಾಡಲು ಹೋಗಬೇಡಿ, ಮುಖ್ಯವಾಗಿ ಮೂರ್ಛೆರೋಗ, ಬೈಪೋಲಾರ್ ಅನ್ನುವ ಮಾನಸಿಕ ಕಾಯಿಲೆ ಇರುವವರು ಮತ್ತು ದಿನವಿಡೀ ಗಾಡಿ ಓಡಿಸುವವರು.

ಸಣ್ಣಪುಟ್ಟ ಅಭ್ಯಾಸಗಳಲ್ಲಿ ಕೆಲವು ಉಳಿದುಕೊಂಡವು. ಕಾಫಿ ಮಧ್ಯಾಹ್ನಕ್ಕೆ ಕೊನೆ. ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ, ಕೆಫೀನ್ ಬಂದು ಅದರ ಕುರ್ಚಿಯಲ್ಲಿ ಕೂತುಬಿಡುತ್ತದೆ. ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. 2013ರ ಒಂದು ಪ್ರಯೋಗದಲ್ಲಿ ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟರೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ನಷ್ಟವಾಯಿತು. ನನಗೇನೂ ಆಗಲ್ಲ, ರಾತ್ರಿ ಕಾಫಿ ಕುಡಿದೂ ಮಲಗ್ತೀನಿ ಅನ್ನುವವರು ನಮ್ಮ ನಡುವೆ ಇದ್ದೇ ಇರುತ್ತಾರೆ, ಅವರ ಹತ್ತಿರ ವಾದ ಬೇಡ.

ಬಿಸಿನೀರಿನ ಸ್ನಾನವನ್ನು ಮಲಗುವ ಒಂದೆರಡು ಗಂಟೆ ಮೊದಲು ಮಾಡಿದರೆ ಒಳ್ಳೆಯದು. 40ರಿಂದ 42 ಡಿಗ್ರಿ ಬಿಸಿ, ಹತ್ತು ನಿಮಿಷ ಸಾಕು. ಬಿಸಿಗೆ ರಕ್ತ ಕೈಕಾಲಿನ ಚರ್ಮಕ್ಕೆ ಬರುತ್ತದೆ, ಆಮೇಲೆ ಒಳಗಿನ ಶಾಖ ಇಳಿಯುತ್ತದೆ, ಆ ಇಳಿತವೇ ನಿದ್ದೆಗೆ ದಾರಿ. ಸ್ನಾನ ಮುಗಿಸಿ ನೇರ ಹಾಸಿಗೆಗೆ ಹಾರಿದರೆ ಮೈ ಇನ್ನೂ ಬಿಸಿಯೇ ಇರುತ್ತದೆ. ಇನ್ನು ಮಲಗುವ ಮುಂಚೆ ನಾಳೆ ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಕಾಗದದಲ್ಲಿ ಬರೆಯುವುದು. 2018ರಲ್ಲಿ 57 ಜನರ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ ಹೀಗೆ ಬರೆದವರು, ಮುಗಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಮೆಲಟೋನಿನ್‌ನ ಏಳು ನಿಮಿಷಕ್ಕೆ ಹೋಲಿಸಿ ನೋಡಿ, ಒಂದು ಪೆನ್ಸಿಲ್ ಗೆದ್ದ ಹಾಗಾಯಿತು. ಪ್ರಯೋಗಗಳು ಬೇರೆ ಬೇರೆ, ಹೀಗೆ ಹೋಲಿಸುವುದು ನ್ಯಾಯವಲ್ಲ ಅಂತ ಗೊತ್ತು, ಆದರೂ ಖುಷಿಯಾಗುತ್ತೆ.

ನಿದ್ದೆ ಅಳೆಯುವ ಕೈಗಡಿಯಾರವನ್ನು ಬಿಚ್ಚಿಟ್ಟೆ. ಚೆನ್ನಾಗಿ ಮಲಗಿ ಎದ್ದ ದಿನವೂ ಅದು 61 ಅಂಕ ಕೊಟ್ಟರೆ ಸುಸ್ತು ಅನ್ನಿಸುತ್ತಿತ್ತು. ಇಂಥ ಗೀಳಿಗೆ ವೈದ್ಯರು 2017ರಲ್ಲಿ ಆರ್ಥೊಸೋಮ್ನಿಯಾ ಅಂತ ಹೆಸರೇ ಇಟ್ಟಿದ್ದಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದರೆ, ಮಲಗಿದ ಕೂಡಲೇ ಕಾಲು ಅಲ್ಲಾಡಿಸದೆ ಇರಲಾಗದಿದ್ದರೆ, ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ, ಈ ರಿವ್ಯೂ ಬಿಟ್ಟು ಡಾಕ್ಟರನ್ನು ನೋಡಿ. ನಾನು ಎಂಟು ತಿಂಗಳು ತಳ್ಳಿದೆ, ಡ್ರಾಯರ್ ತುಂಬಿತು ಅಷ್ಟೆ.

ಈಗ ಆ ಡ್ರಾಯರಿನಲ್ಲಿ ಇಯರ್‌ಪ್ಲಗ್ ಡಬ್ಬಿ, ಗುಳಿ ಇರುವ ಕಣ್ಣುಪಟ್ಟಿ, ಪೆನ್ಸಿಲ್, ಪ್ರಯಾಣಕ್ಕೆ ಅಂತ ಅರ್ಧ ಮಿಲಿಗ್ರಾಂ ಮೆಲಟೋನಿನ್ ಮಾತ್ರ ಇವೆ. ಸಲೀಸಾಗಿ ಎಳೆಯಲು ಬರುತ್ತದೆ, ವಲೇರಿಯನ್ ವಾಸನೆ ಮಾತ್ರ ಮರಕ್ಕೆ ಅಂಟಿಕೊಂಡಿದೆ. ಕಣ್ಣುಪಟ್ಟಿಗೆ ಅರ್ಧ ನಕ್ಷತ್ರ ಕಡಿತ, ಅದರ ಎಲಾಸ್ಟಿಕ್ ಆರು ತಿಂಗಳಿಗೇ ಜೋತುಬಿದ್ದು ಬೆಳಗಾಗುವಷ್ಟರಲ್ಲಿ ಕುತ್ತಿಗೆಗೆ ಇಳಿದಿರುತ್ತದೆ. ಗಟ್ಟಿ ಎಲಾಸ್ಟಿಕ್ ಇರುವುದು ಯಾರಿಗಾದರೂ ಸಿಕ್ಕಿದ್ದರೆ ಹೇಳಿ.